ಏನು ಹೇಳಿದರು, ಯಾವ ದನಿಯಲ್ಲಿ ಹೇಳಿದರು

ಇಂಗ್ಲೆಂಡಿನ ಕನ್ನಡ ಮನೆಗಳಲ್ಲಿ ಮಗು ಇಯರ್ 10ಕ್ಕೆ, ಅಂದರೆ ಹದಿನಾಲ್ಕು ಹದಿನೈದರ ವಯಸ್ಸಿನ ತರಗತಿಗೆ, ಕಾಲಿಟ್ಟ ಕೂಡಲೇ ಗಣಿತಕ್ಕೆ ಟ್ಯೂಷನ್, ವಿಜ್ಞಾನಕ್ಕೆ ಟ್ಯೂಷನ್ ಶುರುವಾಗುತ್ತದೆ. ಇಂಗ್ಲಿಷಿನ ಚಿಂತೆ ಯಾರಿಗೂ ಇರುವುದಿಲ್ಲ. ಇಲ್ಲೇ ಬೆಳೆದ ಮಗು, ದಿನವಿಡೀ ಇಂಗ್ಲಿಷಿನಲ್ಲೇ ಮಾತಾಡುತ್ತದೆ, ಅದಕ್ಕೆ ಇಂಗ್ಲಿಷ್ ಕಲಿಸುವುದೇನು ಎಂಬ ಧೈರ್ಯ. ಆಮೇಲೆ ಜಿಸಿಎಸ್‌ಇಯ, ಅಂದರೆ ಹದಿನಾರರ ಹೊತ್ತಿಗೆ ಬರೆಯುವ ಮಂಡಳಿ ಪರೀಕ್ಷೆಯ, ತಾಲೀಮಾಗಿ ಶಾಲೆ ನಡೆಸುವ ಮಾಕ್ ಪರೀಕ್ಷೆಯ ಫಲಿತಾಂಶ ಬರುತ್ತದೆ. 9ರವರೆಗಿನ ಗ್ರೇಡುಗಳಲ್ಲಿ ಗಣಿತಕ್ಕೆ 8, ಇಂಗ್ಲಿಷ್ ಲ್ಯಾಂಗ್ವೇಜಿಗೆ 5. ಮನೆಯವರು ಕಂಗಾಲು, ಮಗುವಿಗೂ ಎಲ್ಲಿ ತಪ್ಪಿತು ಎಂದು ತಿಳಿಯದು.

ತಪ್ಪುವುದು ಹೆಚ್ಚಾಗಿ ಇಂಗ್ಲಿಷ್ ಲ್ಯಾಂಗ್ವೇಜಿನ ಎರಡನೇ ಪತ್ರಿಕೆಯಲ್ಲಿ, ಅಂದರೆ ಕತೆಯಲ್ಲದ ಬರಹಗಳ ಪತ್ರಿಕೆಯಲ್ಲಿ. ಮಗು ಬರಹದಲ್ಲಿ ಏನಿದೆ ಎಂಬುದನ್ನು ಸರಿಯಾಗಿಯೇ ಓದಿರುತ್ತದೆ. ಬರೆದವರು ಅದನ್ನು ಯಾವ ದನಿಯಲ್ಲಿ ಹೇಳುತ್ತಿದ್ದಾರೆ ಎಂಬುದು ಕಿವಿಗೆ ಬಿದ್ದಿರುವುದಿಲ್ಲ. ಈ ಪತ್ರಿಕೆ ಅಳೆಯುವುದು ಮುಖ್ಯವಾಗಿ ಆ ಎರಡನೆಯದನ್ನು.

ಇಂಗ್ಲೆಂಡಿನಲ್ಲಿ ಬಹಳಷ್ಟು ಶಾಲೆಗಳು ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಜಿಸಿಎಸ್‌ಇ ತೆಗೆದುಕೊಳ್ಳುತ್ತವೆ. ಈ ಬರಹ ಅದರ ಎರಡನೇ ಪತ್ರಿಕೆಯ ಬಗ್ಗೆ. ಎಡೆಕ್ಸೆಲ್, ಎಜುಕಾಸ್, ಒಸಿಆರ್ ಮಂಡಳಿಗಳಲ್ಲೂ ಇಂಥದೇ ಪತ್ರಿಕೆ ಇದೆ, ಆದರೆ ಪ್ರಶ್ನೆಗಳ ಕ್ರಮ ಮತ್ತು ಅಂಕ ಬೇರೆ. ಹಾಗಾಗಿ ಮೊದಲು ಶಾಲೆಯಲ್ಲಿ ಕೇಳಿ ಮಂಡಳಿ ಯಾವುದೆಂದು ತಿಳಿದುಕೊಳ್ಳಬೇಕು. ಇದನ್ನು ಕೇಳದೆ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಅಭ್ಯಾಸ ಪುಸ್ತಕ ಕೊಂಡು ತಿಂಗಳುಗಟ್ಟಲೆ ಬೇರೆ ಮಂಡಳಿಯ ಪ್ರಶ್ನೆಗಳಿಗೆ ಉತ್ತರ ಬರೆಯುವ ಮಕ್ಕಳಿದ್ದಾರೆ.

ಪತ್ರಿಕೆ 80 ಅಂಕದ್ದು, ಸಮಯ 1 ಗಂಟೆ 45 ನಿಮಿಷ, ಇಡೀ ವಿಷಯದ ಅರ್ಧ ತೂಕ ಇದಕ್ಕೇ. ಪ್ರಶ್ನೆಪತ್ರಿಕೆಯ ಜೊತೆ ಬೇರೊಂದು ಹಾಳೆಯಲ್ಲಿ ಎರಡು ಬರಹಗಳಿರುತ್ತವೆ. ಒಂದು 19ನೇ ಶತಮಾನದ್ದು, ಇನ್ನೊಂದು 20 ಅಥವಾ 21ನೇ ಶತಮಾನದ್ದು. ಎರಡೂ ಒಂದೇ ವಿಷಯದ ಸುತ್ತ ಇರುತ್ತವೆ. ಮಗು ಎರಡನ್ನೂ ಹಿಂದೆ ಕಂಡಿರುವುದಿಲ್ಲ. ಓದುವ ಭಾಗದಲ್ಲಿ ನಾಲ್ಕು ಪ್ರಶ್ನೆ: 4, 8, 12, 16 ಅಂಕ. ಬರೆಯುವ ಭಾಗದಲ್ಲಿ ಒಂದೇ ಪ್ರಶ್ನೆ, 40 ಅಂಕ.

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಬಂದ ಅಪ್ಪ ಅಮ್ಮಂದಿರು ಎಡವುವುದು ಇಲ್ಲೇ. ನಮ್ಮ ಕಡೆ ಪಾಠದ ಪ್ರಶ್ನೋತ್ತರ, ಬಾಯಿಪಾಠದ ಪದ್ಯ, ಪತ್ರದ ನಮೂನೆ, ಗೈಡಿನ ಪ್ರಬಂಧ ಇವುಗಳನ್ನು ಉರು ಹೊಡೆದರೆ ಅರ್ಧ ದಾರಿ ಸಾಗಿದಂತೆ. ಇಲ್ಲಿ ಉರು ಹೊಡೆಯಲು ಪಾಠವೇ ಇಲ್ಲ. ಇಪ್ಪತ್ತು ಮಾದರಿ ಉತ್ತರ ಗಟ್ಟಿ ಮಾಡಿಕೊಂಡು ಹೋದ ಮಗು ಇಪ್ಪತ್ತೊಂದನೆಯ ಬರಹದ ಮುಂದೆ ಬರಿಗೈಯಲ್ಲಿ ನಿಲ್ಲುತ್ತದೆ. ಹೀಗಾಗಿ ತಯಾರಿಯನ್ನು ಓದುವ ಕ್ರಮದಿಂದಲೇ ಆರಂಭಿಸಬೇಕು.

ಮೊದಲ 15 ನಿಮಿಷ ಓದಿಗೆ ಮೀಸಲು. ಬರಹದ ಮೇಲುಗಡೆ ಚೌಕದಲ್ಲಿ ಎರಡು ಮೂರು ಸಾಲಿನ ಪರಿಚಯ ಇರುತ್ತದೆ: ಯಾರು ಬರೆದದ್ದು, ಯಾವಾಗ, ಪತ್ರವೋ ಪತ್ರಿಕಾ ಲೇಖನವೋ ಪ್ರವಾಸದ ಟಿಪ್ಪಣಿಯೋ. ಮಕ್ಕಳು ಇದನ್ನು ಹಾರಿಸಿ ನೇರ ಬರಹಕ್ಕೆ ನುಗ್ಗುತ್ತಾರೆ. ಬರೆದವರಿಗೂ ವಿಷಯಕ್ಕೂ ಏನು ಸಂಬಂಧ ಎಂಬ ಸುಳಿವು ಆ ಚೌಕದಲ್ಲೇ ಇದೆ, ಅದನ್ನು ಎರಡು ಸಲ ಓದಿಸಬೇಕು. ಅಡಿಯಲ್ಲಿ ಹಳೆಯ ಪದಗಳಿಗೆ ಅರ್ಥವನ್ನೂ ಕೊಟ್ಟಿರುತ್ತಾರೆ. ಇವು ಮುಗಿದ ಮೇಲೆ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ನಂತರ ಬರಹ. ಓದುವಾಗ ಬಣ್ಣ ಬಳಿಯುವುದು ಬೇಡ. ಪ್ರತಿ ಪ್ಯಾರಾದ ಪಕ್ಕ ಬರೆದವರ ಭಾವಕ್ಕೆ ಒಂದೇ ಒಂದು ಪದ ಬರೆಸಿ. ಮರುಕ, ಸಿಟ್ಟು, ಬೆರಗು, ಬೇಸರ, ಯಾವುದಾದರೂ ಸರಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಆ ಪದ ಕನ್ನಡದಲ್ಲಿದ್ದರೂ ಅಡ್ಡಿಯಿಲ್ಲ.

ಹಳೆಯ ಬರಹ ಮಕ್ಕಳನ್ನು ಹೆದರಿಸುತ್ತದೆ. ಪದಗಳಿಗಿಂತ ವಾಕ್ಯದ ಉದ್ದವೇ ಅವರಿಗೆ ತೊಡಕು. ಪತ್ರಕರ್ತ ಹೆನ್ರಿ ಮೇಹ್ಯೂ 1850ರ ಆಸುಪಾಸಿನಲ್ಲಿ ಲಂಡನ್ನಿನ ಬೀದಿ ವ್ಯಾಪಾರಿಗಳನ್ನು ಮಾತಾಡಿಸಿ ಬರೆದದ್ದು ಅಭ್ಯಾಸಕ್ಕೆ ಚಿನ್ನದಂಥ ಸಾಮಗ್ರಿ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ವಾಟರ್‌ಕ್ರೆಸ್ ಎಂಬ ಸೊಪ್ಪು ಮಾರುವ ಎಂಟು ವರ್ಷದ ಹುಡುಗಿಯ ಭಾಗವಿದೆ. ಮೊದಲ ವಾಕ್ಯದಲ್ಲೇ ಕರ್ತೃಪದ ಬಂದು, ನಡುವೆ ಎರಡು ಉಪವಾಕ್ಯಗಳು ತೂರಿಕೊಂಡು, ಆಮೇಲೆ ಕ್ರಿಯಾಪದ ಬರುತ್ತದೆ. ಮಗು ನಡುದಾರಿಯಲ್ಲೇ ಕೈಚೆಲ್ಲುತ್ತದೆ. ಇದಕ್ಕೆ ಮದ್ದು ಸುಲಭ. ‘ಹೂ’, ‘ವಿಚ್’, ‘ಆಲ್ದೋ’ ಎಂದು ಶುರುವಾಗುವ ತುಂಡುಗಳಿಗೆ ಪೆನ್ಸಿಲಿನಲ್ಲಿ ಆವರಣ ಹಾಕಿಸಿ. ಉಳಿದದ್ದು ಇಷ್ಟೇ: ಈ ಹುಡುಗಿ ಮಗುತನವನ್ನೆಲ್ಲ ಕಳೆದುಕೊಂಡಿದ್ದಳು, ಯೋಚನೆಯಲ್ಲೂ ನಡವಳಿಕೆಯಲ್ಲೂ ಹೆಂಗಸಾಗಿದ್ದಳು. ಬೆನ್ನೆಲುಬು ಕಂಡ ಮೇಲೆ ಆವರಣದೊಳಗಿನದನ್ನು ಒಂದೊಂದಾಗಿ ಸೇರಿಸಿಕೊಳ್ಳುವುದು. ದಿನಕ್ಕೆ ಇಂಥ ಐದು ವಾಕ್ಯ, ಮೂರು ವಾರ. ಅಷ್ಟರಲ್ಲಿ ಆವರಣ ಹಾಕುವ ಅಗತ್ಯವೇ ಬೀಳುವುದಿಲ್ಲ.

ಈ ಭಾಗಕ್ಕೆ ಜೋಡಿಯಾಗಿ ಇಂದಿನ ಬರಹವೊಂದನ್ನು ಕಲಿಸುವವರೇ ಬರೆದುಕೊಳ್ಳುವುದು ಒಳ್ಳೆಯದು. ಇಲ್ಲಿಯ ಉದಾಹರಣೆಗಳಿಗೆ ಹೀಗೆ ಇಟ್ಟುಕೊಳ್ಳೋಣ. ಒಬ್ಬ ಅಪ್ಪ ಪತ್ರಿಕೆಯ ಅಂಕಣದಲ್ಲಿ ಬರೆಯುತ್ತಿದ್ದಾನೆ. ಹದಿನೈದು ವರ್ಷದ ಮಗಳು ಶನಿವಾರ ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲಾರಾಂ ಹೊಡೆದರೂ ಏಳದವಳು ಈಗ ಬೆಳಗ್ಗೆ ಏಳಕ್ಕೇ ಎದ್ದು ಏಪ್ರನ್ನು ಇಸ್ತ್ರಿ ಮಾಡುತ್ತಾಳೆ. ಮೊದಲ ಸಂಬಳದಲ್ಲಿ ಹೆಡ್‌ಫೋನ್ ಕೊಂಡಳು, ಅಪ್ಪನಿಗೆ ನಿನ್ನೆಯ ಬನ್ನು ತಂದುಕೊಟ್ಟಳು. ತನ್ನ ಮನೆಯ ಪಾತ್ರೆ ಮಾತ್ರ ತೊಳೆಯುವುದಿಲ್ಲ ಎಂದು ಅಪ್ಪ ದೂರುತ್ತಾನೆ.

ಮೊದಲ ಪ್ರಶ್ನೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈವರೆಗಿನ ಪತ್ರಿಕೆಗಳಲ್ಲಿ ಎಂಟು ಹೇಳಿಕೆ ಕೊಟ್ಟು ನಿಜವಾದ ನಾಲ್ಕನ್ನು ಗುರುತಿಸಲು ಕೇಳುತ್ತ ಬಂದಿದ್ದಾರೆ. ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂದು ಪ್ರಶ್ನೆಯಲ್ಲೇ ಇರುತ್ತದೆ, ಅದರಾಚೆ ಹೋಗಬಾರದು. ಅರ್ಧ ನಿಜವಾದ ಹೇಳಿಕೆಯೇ ಬಲೆ. 5 ನಿಮಿಷ ಸಾಕು.

ಎರಡನೇ ಪ್ರಶ್ನೆ 8 ಅಂಕದ್ದು, ಸಂಗ್ರಹ ಬರೆಯುವುದು. ಎರಡೂ ಬರಹಗಳಿಂದ ವಿವರ ತೆಗೆದು ವ್ಯತ್ಯಾಸ ಅಥವಾ ಹೋಲಿಕೆ ಹೇಳಬೇಕು. ಬುದ್ಧಿವಂತ ಮಕ್ಕಳು ಇಲ್ಲಿ ಸಮಯ ಕಳೆದುಕೊಳ್ಳುತ್ತಾರೆ, ಏಕೆಂದರೆ ರೂಪಕ, ವಿಶೇಷಣ ಎಂದು ಭಾಷೆಯ ವಿಶ್ಲೇಷಣೆ ಶುರುಮಾಡುತ್ತಾರೆ. ಈ ಪ್ರಶ್ನೆಯಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ. ಇನ್ನು ಕೆಲವರು ಇದ್ದದ್ದನ್ನೇ ತಮ್ಮ ಮಾತಿನಲ್ಲಿ ಹೇಳಿ ನಿಲ್ಲಿಸುತ್ತಾರೆ. ‘ಒಬ್ಬಳು ಸೊಪ್ಪು ಮಾರುತ್ತಾಳೆ, ಇನ್ನೊಬ್ಬಳು ಬೇಕರಿಯಲ್ಲಿದ್ದಾಳೆ’ ಎಂದು ಬರೆದರೆ ಎರಡು ಮೂರು ಅಂಕಕ್ಕಿಂತ ಮೇಲೇರದು. ಬೇಕಾದದ್ದು ಒಳಾರ್ಥ, ಅಂದರೆ ಆ ವಿವರದಿಂದ ನಮಗೆ ಇನ್ನೇನು ತಿಳಿಯಿತು ಎಂಬುದು. ಸೊಪ್ಪಿನ ಹುಡುಗಿ, ಮಿಠಾಯಿಗೆ ಆಸೆಪಡುವುದು ಮಕ್ಕಳ ಕೆಲಸ, ಹೊಟ್ಟೆಪಾಡು ನೋಡಿಕೊಳ್ಳಬೇಕಾದವರದ್ದಲ್ಲ ಎಂಬರ್ಥದ ಮಾತಾಡುತ್ತಾಳೆ. ಅಂದರೆ ತನ್ನನ್ನು ಮಕ್ಕಳ ಲೆಕ್ಕದಿಂದ ತಾನೇ ತೆಗೆದುಹಾಕಿಕೊಂಡಿದ್ದಾಳೆ. ದುಡಿದದ್ದು ಅಮ್ಮನ ಕೈಗೆ ಹೋಗುತ್ತದೆ. ಬೇಕರಿಯ ಹುಡುಗಿ ಹೆಡ್‌ಫೋನ್ ಕೊಳ್ಳುತ್ತಾಳೆ. ಅಂದರೆ ಅವಳ ಊಟ, ಸೂರು ಅಪ್ಪನ ಜವಾಬ್ದಾರಿ, ಕೆಲಸ ಅವಳ ಆಯ್ಕೆ, ನಾಳೆ ಬಿಟ್ಟರೂ ಏನೂ ಆಗದು. ‘ಅಂದರೆ’ ಎಂಬ ಈ ಒಂದು ಪದವನ್ನು ಮಗು ಪ್ರತಿ ವಿವರದ ಬೆನ್ನಿಗೂ ಮನಸ್ಸಿನಲ್ಲಿ ಹೇಳಿಕೊಳ್ಳುವಂತೆ ಮಾಡಿದರೆ ಈ ಪ್ರಶ್ನೆ ಕೈವಶವಾಗುತ್ತದೆ. ಎರಡು ಜೋಡಿ ವ್ಯತ್ಯಾಸ, ಪ್ರತಿಯೊಂದಕ್ಕೂ ಎರಡೂ ಕಡೆಯಿಂದ ಒಂದೊಂದು ಚಿಕ್ಕ ಉಲ್ಲೇಖ, ಎರಡೋ ಮೂರೋ ‘ಅಂದರೆ’. 8 ನಿಮಿಷ.

ಮೂರನೆಯದು ಭಾಷೆಯ ಪ್ರಶ್ನೆ, 12 ಅಂಕ, ಒಂದೇ ಬರಹದ ಮೇಲೆ. ಇಲ್ಲಿ ಕಾಣುವ ರೋಗ ಅಲಂಕಾರ ಎಣಿಸುವುದು. ‘ಲೇಖಕರು ಉಪಮೆ ಬಳಸಿದ್ದಾರೆ, ಇದರಿಂದ ಓದುಗರಿಗೆ ಮುಂದೆ ಓದಬೇಕೆನಿಸುತ್ತದೆ’ ಎಂಬ ವಾಕ್ಯ ಯಾವ ಬರಹಕ್ಕೂ ಹೊಂದುತ್ತದೆ, ಅದಕ್ಕೇ ಅದಕ್ಕೆ ಬೆಲೆಯಿಲ್ಲ. ಪರೀಕ್ಷಕರು ಹುಡುಕುವುದು ಇದೇ ಬರಹಕ್ಕೆ ಮಾತ್ರ ಸಲ್ಲುವ ಮಾತನ್ನು.

ಮೇಹ್ಯೂ ಬರಹಕ್ಕೇ ಬರೋಣ. ಒಂದರ ಹಿಂದೆ ಒಂದು ಬರುವ ಎರಡು ವಾಕ್ಯಗಳಲ್ಲಿ ಅದೇ ಹುಡುಗಿಯನ್ನು ಅವರು ಮೊದಲು ‘ವುಮನ್’ ಎನ್ನುತ್ತಾರೆ, ಮರುವಾಕ್ಯದಲ್ಲೇ ‘ಇನ್‌ಫ್ಯಾಂಟ್’ ಎನ್ನುತ್ತಾರೆ. ಎಂಟು ವರ್ಷದವಳಿಗೆ ಸಹಜವಾದ ಪದ ಇವೆರಡೂ ಅಲ್ಲ. ಮಾತು ನಡತೆ ನೋಡಿದರೆ ಹೆಂಗಸು, ಮುಖ ನೋಡಿದರೆ ಹಸುಗೂಸು. ಅವಳು ನಿಜವಾಗಿ ಇರಬೇಕಾದ ವಯಸ್ಸು, ಅಂದರೆ ಆಡಿಕೊಂಡಿರುವ ಹುಡುಗಿಯ ವಯಸ್ಸು, ಆ ಎರಡು ಪದಗಳ ನಡುವೆ ಕಾಣೆಯಾಗಿದೆ. ಬರಹಗಾರರ ತಳಮಳ ಇರುವುದು ಆ ಖಾಲಿ ಜಾಗದಲ್ಲಿ. ಮಗು ಇಷ್ಟನ್ನು ತನ್ನ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರೆ ಅದು ಮೇಲಿನ ಹಂತದ ಉತ್ತರ. ಗಮನಿಸಿ, ಇದರಲ್ಲಿ ಒಂದೂ ಅಲಂಕಾರದ ಹೆಸರಿಲ್ಲ. ಹೆಸರು ಗೊತ್ತಿದ್ದರೆ ಸಂತೋಷ, ಗೊತ್ತಿಲ್ಲದಿದ್ದರೆ ‘ಈ ಪದ’ ಎಂದೇ ಬರೆಯಲಿ. ಮೂರು ಉಲ್ಲೇಖಗಳನ್ನು ಹೀಗೆ ಬಗೆದು ನೋಡುವುದು ಎಂಟು ಉಲ್ಲೇಖಗಳನ್ನು ಸವರಿಕೊಂಡು ಹೋಗುವುದಕ್ಕಿಂತ ಎಷ್ಟೋ ಮೇಲು. ಪದ ಆರಿಸಲು ಒಂದು ಉಪಾಯವಿದೆ. ಆ ಪದ ತೆಗೆದು ಸಪ್ಪೆಯಾದ ಸಮಾನಾರ್ಥಕ ಹಾಕಿ ನೋಡುವುದು. ‘ಇನ್‌ಫ್ಯಾಂಟ್’ ತೆಗೆದು ‘ಗರ್ಲ್’ ಹಾಕಿದರೆ ಏನು ಕಳೆದುಹೋಯಿತು? ಕಳೆದುಹೋದದ್ದೇ ಉತ್ತರ. 12 ನಿಮಿಷ.

ನಾಲ್ಕನೇ ಪ್ರಶ್ನೆಯೇ ಈ ಪತ್ರಿಕೆಯ ತಿರುಳು. 16 ಅಂಕ, 20 ನಿಮಿಷ. ಇಬ್ಬರು ಲೇಖಕರ ದೃಷ್ಟಿ ಹೇಗೆ ಬೇರೆ, ಅದನ್ನು ಅವರು ಹೇಗೆ ದಾಟಿಸಿದ್ದಾರೆ ಎಂದು ಹೋಲಿಸಬೇಕು. ಅತಿ ಸಾಮಾನ್ಯ ತಪ್ಪೆಂದರೆ ಮಕ್ಕಳು ಎರಡನೇ ಪ್ರಶ್ನೆಗೆ ಬರೆದದ್ದನ್ನೇ ಇನ್ನೊಮ್ಮೆ ಬರೆಯುವುದು. ಇಬ್ಬರು ಹುಡುಗಿಯರನ್ನು ಹೋಲಿಸುತ್ತಾರೆ, ಲೇಖಕರನ್ನು ಮರೆತೇಬಿಡುತ್ತಾರೆ. ಇದನ್ನು ತಪ್ಪಿಸಲು ಪ್ರತಿ ಪ್ಯಾರಾವನ್ನೂ ಲೇಖಕರ ಹೆಸರಿನಿಂದ ಶುರುಮಾಡಿಸಿ, ಮುಂದಿನ ಪದವೇ ಭಾವ ಸೂಚಿಸುವ ಕ್ರಿಯಾಪದವಾಗಿರಲಿ. ಮೇಹ್ಯೂ ಮರುಗುತ್ತಾರೆ. ಅಂಕಣದ ಅಪ್ಪ ಹಿಗ್ಗುತ್ತಾನೆ. ವಾಕ್ಯ ಹಾಗೆ ಹೊರಟರೆ ಹುಡುಗಿಯರ ಕಡೆಗೆ ಜಾರಲು ದಾರಿಯೇ ಇರುವುದಿಲ್ಲ.

ಇನ್ನೊಂದು ತಪ್ಪು, ಒಬ್ಬ ಲೇಖಕರಿಗೆ ಒಂದೇ ಭಾವ ಅಂಟಿಸಿ ಬಿಡುವುದು. ಮೇಹ್ಯೂಗೆ ಮರುಕ ಇದೆ, ಸರಿ. ಆದರೆ ಮಕ್ಕಳೊಡನೆ ಆಡುವ ಮಾತುಗಳಿಂದ ಶುರುಮಾಡಿದ ಅವರಿಗೆ ಈ ಹುಡುಗಿಯೊಡನೆ ಹೇಗೆ ಮಾತಾಡಬೇಕೆಂದೇ ತಿಳಿಯದಾಯಿತು ಎಂದೂ ಬರೆದುಕೊಂಡಿದ್ದಾರೆ. ಪಾರ್ಕಿನ ಮಾತು ಬಂದಾಗ, ತನ್ನಂಥವರನ್ನು ಅಲ್ಲಿಗೆ ಬಿಡುತ್ತಾರೆಯೇ, ಬರೀ ನೋಡಲು, ಎಂದು ಅವಳು ಕೇಳುತ್ತಾಳೆ. ಮರುಕದ ಜೊತೆಗೆ ಇಲ್ಲಿ ತಬ್ಬಿಬ್ಬಿದೆ, ಅವಳ ಬಗ್ಗೆ ಗೌರವವೂ ಇದೆ. ಅತ್ತ ಅಂಕಣದ ಅಪ್ಪ ಪಾತ್ರೆಯ ಬಗ್ಗೆ ದೂರುತ್ತಾನೆ, ಆದರೆ ಅದು ದೂರಲ್ಲ. ಅಲಾರಾಂ, ಇಸ್ತ್ರಿ ಮಾಡಿದ ಏಪ್ರನ್, ನಿನ್ನೆಯ ಬನ್ನು ಎಂದು ಎಣಿಸುತ್ತ ಹೋಗುವವನ ಎದೆಯಲ್ಲಿ ಇರುವುದು ಹೆಮ್ಮೆ. ದೂರನ್ನು ದೂರೆಂದೇ ಓದಿದ ಮಗು ‘ಅಪ್ಪನಿಗೆ ಮಗಳ ಮೇಲೆ ಕೋಪ’ ಎಂದು ಬರೆಯುತ್ತದೆ, ಇಡೀ ಉತ್ತರ ಅಡ್ಡದಾರಿ ಹಿಡಿಯುತ್ತದೆ.

ಕನ್ನಡ ಮನೆಯ ಮಕ್ಕಳಿಗೆ ಇಲ್ಲಿ ಒಂದು ಬಲವಿದೆ, ಅದನ್ನು ಯಾರೂ ಬಳಸಿಕೊಳ್ಳುತ್ತಿಲ್ಲ. ಅಜ್ಜಿ ಫೋನಿನಲ್ಲಿ ‘ನಮ್ಮ ನೆನಪೆಲ್ಲಿರುತ್ತೆ ಬಿಡು ನಿಮಗೆ’ ಅಂದರೆ ಅದು ಜಗಳವಲ್ಲ, ಪ್ರೀತಿ ಎಂದು ಆರು ವರ್ಷದ ಮಗುವಿಗೂ ಗೊತ್ತು. ಅಮ್ಮ ‘ಬಹಳ ಒಳ್ಳೇ ಕೆಲಸ ಮಾಡಿದೆ’ ಎಂದು ನಿಧಾನವಾಗಿ ಹೇಳಿದರೆ ಕಾಲಿಗೆ ಬುದ್ಧಿ ಹೇಳಬೇಕೆಂದೂ ಗೊತ್ತು. ಹುಸಿಮುನಿಸು, ಕೊಂಕು, ಕನಿಕರ, ಅಳಲು, ಉಡಾಫೆ, ಅಕ್ಕರೆ, ಹತಾಶೆ, ತಾತ್ಸಾರ. ಇವೆಲ್ಲ ಕಿವಿಗೆ ಗೊತ್ತಿರುವ ದನಿಗಳು. ಇಂಗ್ಲಿಷಿನಲ್ಲಿ ಮಾತ್ರ ಅದೇ ಮಗುವಿನ ಬಳಿ ‘ಪಾಸಿಟಿವ್’, ‘ನೆಗೆಟಿವ್’ ಎಂಬ ಎರಡೇ ಪದಗಳಿರುತ್ತವೆ. ಹಾಗಾಗಿ ಒಂದು ಹಾಳೆಯಲ್ಲಿ ಎದುರುಬದುರು ಬರೆಯಿಸಿ. ತಾತ್ಸಾರಕ್ಕೆ ‘ಡಿಸ್‌ಮಿಸಿವ್’, ಅನ್ಯಾಯ ಕಂಡು ಏಳುವ ಸಿಟ್ಟಿಗೆ ‘ಇಂಡಿಗ್ನಂಟ್’, ಅಕ್ಕರೆಗೆ ‘ಅಫೆಕ್ಷನೇಟ್’, ಕಳೆದ ಕಾಲದ ಹಂಬಲಕ್ಕೆ ‘ನಾಸ್ಟಾಲ್ಜಿಕ್’, ತನಗೆ ಸಂಬಂಧವೇ ಇಲ್ಲವೆಂಬಂತೆ ದೂರ ನಿಂತು ಹೇಳುವುದಕ್ಕೆ ‘ಡಿಟ್ಯಾಚ್ಡ್’, ಹುಸಿಮುನಿಸಿಗೆ ‘ಮಾಕ್ ಎಕ್ಸಾಸ್ಪರೇಷನ್’. ಇಪ್ಪತ್ತು ಪದ ಸಾಕು. ದನಿಯನ್ನು ಕನ್ನಡದಲ್ಲಿ ಗುರುತಿಸಿ ಹೆಸರನ್ನು ಇಂಗ್ಲಿಷಿನಲ್ಲಿ ಕೊಡುವ ಮಗು, ಹೆಸರುಗಳನ್ನಷ್ಟೇ ಬಾಯಿಪಾಠ ಮಾಡಿದ ಮಗುವಿಗಿಂತ ನಿಖರವಾಗಿ ಬರೆಯುತ್ತದೆ.

ಹೋಲಿಸುವಾಗ ಮೊದಲು ಒಂದು ಬರಹದ ಬಗ್ಗೆ ಪೂರ್ತಿ, ಆಮೇಲೆ ಇನ್ನೊಂದರ ಬಗ್ಗೆ ಪೂರ್ತಿ ಬರೆಯುವುದು ಬೇಡ. ಸಮಯ ಮುಗಿದಾಗ ಎರಡನೆಯದು ನಾಲ್ಕೇ ಸಾಲಿಗೆ ನಿಂತಿರುತ್ತದೆ. ಒಂದು ಪ್ಯಾರಾದಲ್ಲಿ ಇಬ್ಬರೂ ಇರಲಿ, ಅಂಥ ಮೂರು ಪ್ಯಾರಾ ಇದ್ದರೆ ಧಾರಾಳವಾಯಿತು.

ಈಗ ಬರೆಯುವ ಭಾಗ, 45 ನಿಮಿಷ, 40 ಅಂಕ. ಓದಿದ ಬರಹಗಳ ವಿಷಯಕ್ಕೇ ಹತ್ತಿರವಾದ ಒಂದು ಅಭಿಪ್ರಾಯ ಕೊಟ್ಟಿರುತ್ತಾರೆ, ಅದರ ಬಗ್ಗೆ ಮಗು ತನ್ನ ನಿಲುವನ್ನು ಲೇಖನವಾಗಿಯೋ ಪತ್ರವಾಗಿಯೋ ಭಾಷಣವಾಗಿಯೋ ಬರೆಯಬೇಕು. 24 ಅಂಕ ವಿಚಾರಕ್ಕೆ ಮತ್ತು ಜೋಡಣೆಗೆ, 16 ಅಂಕ ವಾಕ್ಯ, ವಿರಾಮಚಿಹ್ನೆ, ಕಾಗುಣಿತಕ್ಕೆ. ಮೊದಲ ಪತ್ರಿಕೆಯಲ್ಲೂ ಇದಕ್ಕೆ 16 ಇರುವುದರಿಂದ ಇಡೀ ವಿಷಯದ ಐದನೇ ಒಂದು ಭಾಗ ಬರಿ ಶುದ್ಧ ಬರವಣಿಗೆಗೆ ಹೋಗುತ್ತದೆ.

ಕನ್ನಡದ ನೆರಳು ಇಲ್ಲಿ ಎರಡು ಮೂರು ಕಡೆ ಬೀಳುತ್ತದೆ, ಅದರಲ್ಲೂ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಊರಿಂದ ಬಂದ ಮಕ್ಕಳಲ್ಲಿ. ನಮ್ಮಲ್ಲಿ ಎದ್ದು, ತಿಂದು, ಹೊರಟು, ಹೋಗಿ ಎಂದು ಹತ್ತು ಕೆಲಸ ಪೋಣಿಸಿ ಕೊನೆಗೊಂದು ಕ್ರಿಯಾಪದ ಇಟ್ಟರೆ ಚೆಂದದ ವಾಕ್ಯ. ಅದೇ ಲಯದಲ್ಲಿ ಇಂಗ್ಲಿಷ್ ಬರೆದಾಗ ಪೂರ್ಣ ವಾಕ್ಯಗಳು ಬರೀ ಅಲ್ಪವಿರಾಮದಿಂದ ಅಂಟಿಕೊಳ್ಳುತ್ತವೆ. ಇಂಗ್ಲಿಷ್ ಪರೀಕ್ಷಕರ ಕಣ್ಣಿಗೆ ಬೇಗ ಬೀಳುವ ದೋಷ ಇದು. ಪ್ರತಿ ಅಲ್ಪವಿರಾಮದ ಮುಂದೂ ಹಿಂದೂ ತಾನೇ ನಿಲ್ಲಬಲ್ಲ ವಾಕ್ಯವಿದ್ದರೆ ಅಲ್ಲಿ ಪೂರ್ಣವಿರಾಮ ಹಾಕು ಎಂಬ ಒಂದೇ ನಿಯಮ ಇದನ್ನು ಸರಿಮಾಡುತ್ತದೆ. ಕನ್ನಡದಲ್ಲಿ ‘ಎ’, ‘ದ’ ಇಲ್ಲದಿರುವುದರಿಂದ ಅವು ಬಿಟ್ಟುಹೋಗುತ್ತವೆ. ‘ಅವನು ಇರುವುದೇ ಹಾಗೆ’ ಎಂಬುದರ ‘ಏ’ಕಾರ ‘ಲೈಕ್ ದಟ್ ಓನ್ಲಿ’ ಆಗಿ ನುಸುಳುತ್ತದೆ. ಪತ್ರ ಬರೆಯುವಾಗ ಅಪ್ಪ ಹೇಳಿಕೊಟ್ಟ ‘ರೆಸ್ಪೆಕ್ಟೆಡ್ ಸರ್’, ‘ಕೈಂಡ್ಲಿ ಡೂ ದ ನೀಡ್‌ಫುಲ್’ ಕೂಡ ಇಲ್ಲಿ ಹಳತಾಗಿ ಕೇಳಿಸುತ್ತವೆ.

ವಿಚಾರದ ಕಡೆಗೆ ಬಂದರೆ, ‘90 ಪರ್ಸೆಂಟ್ ಜನ ಹೀಗೆನ್ನುತ್ತಾರೆ’ ಎಂದು ಅಂಕಿ ಹುಟ್ಟಿಸುವ ಚಟ ಬಿಡಿಸಲೇಬೇಕು. ಅದನ್ನು ಪರೀಕ್ಷಕರು ನಂಬುವುದಿಲ್ಲ, ವಾದವೂ ಟೊಳ್ಳಾಗುತ್ತದೆ. ಮಕ್ಕಳು ದುಡಿಯಬೇಕೇ ಎಂಬ ಪ್ರಶ್ನೆ ಬಂದರೆ, ಮೂಲೆಯಂಗಡಿಯ ಕೌಂಟರಿನ ಹಿಂದೆ ಹೋಂವರ್ಕ್ ಮಾಡುವ ಒಬ್ಬ ಹುಡುಗನನ್ನು ತೋರಿಸಿ ಅವನಿಂದ ವಾದ ಬೆಳೆಸಲಿ. ಒಂದು ಚಿತ್ರದಿಂದ ಶುರುಮಾಡಿ, ಅಲ್ಲಿಂದ ದೊಡ್ಡ ಪ್ರಶ್ನೆಗೆ ಹೋಗಿ, ಎದುರು ಪಕ್ಷದವರ ಅತ್ಯುತ್ತಮ ಮಾತೊಂದನ್ನು ಎತ್ತಿಕೊಂಡು ಉತ್ತರಿಸಿ, ಕೊನೆಗೆ ಮತ್ತೆ ಆ ಹುಡುಗನ ಬಳಿ ಬರುವುದು. ಈ ನಡೆ ಯಾವ ವಿಷಯಕ್ಕೂ ಒಗ್ಗುತ್ತದೆ. 5 ನಿಮಿಷ ಯೋಜನೆ, 35 ನಿಮಿಷ ಬರವಣಿಗೆ, ಎರಡೂವರೆ ಮೂರು ಪುಟ. ಆರು ಪುಟ ಗೀಚಿದರೆ ತಪ್ಪುಗಳೂ ದುಪ್ಪಟ್ಟಾಗುತ್ತವೆ.

ಅಭ್ಯಾಸಕ್ಕೆ ಪ್ರತಿ ವಾರ ಇಡೀ ಪತ್ರಿಕೆ ಬರೆಸುವುದು ಮಕ್ಕಳನ್ನೂ ತಿದ್ದುವವರನ್ನೂ ದಣಿಸುತ್ತದೆ, ಫಲ ಕಡಿಮೆ. ಜನವರಿಯವರೆಗೆ ವಾರಕ್ಕೆ ಒಂದೇ ಪ್ರಶ್ನೆ, ಗಡಿಯಾರವಿಲ್ಲದೆ. ಫೆಬ್ರವರಿ, ಮಾರ್ಚ್‌ನಲ್ಲಿ ಅದೇ ಪ್ರಶ್ನೆಗಳು ಗಡಿಯಾರದ ಎದುರು. ಏಪ್ರಿಲ್‌ನಿಂದ ಹದಿನೈದು ದಿನಕ್ಕೊಂದು ಪೂರ್ಣ ಪತ್ರಿಕೆ. ಹಳೆಯ ಪ್ರಶ್ನೆಪತ್ರಿಕೆ, ಅಂಕ ಕೊಡುವ ವಿಧಾನ, ಪರೀಕ್ಷಕರ ವರದಿ ಮಂಡಳಿಯ ಜಾಲತಾಣದಲ್ಲೇ ಸಿಗುತ್ತವೆ. ಆ ವರದಿಗಳನ್ನು ಮಕ್ಕಳಲ್ಲ, ಕಲಿಸುವವರು ಓದಬೇಕು. ಉತ್ತರ ತಿದ್ದುವಾಗ ಒಟ್ಟು ಅಂಕ ಕೊಟ್ಟು ಕೈತೊಳೆದುಕೊಳ್ಳದೆ, ದುರ್ಬಲವಾದ ಒಂದೇ ಪ್ಯಾರಾ ಆರಿಸಿ ಅದನ್ನು ಅಲ್ಲೇ, ಎದುರಿಗೇ, ಮತ್ತೆ ಬರೆಸಬೇಕು.

ಕೆಲವು ಮಕ್ಕಳು 40 ಅಂಕದ ಪ್ರಶ್ನೆಯನ್ನೇ ಮೊದಲು ಬರೆದು ಓದಿನ ಭಾಗಕ್ಕೆ ಹಿಂದಿರುಗುತ್ತಾರೆ. ಸಮಯ ಸಾಲದೆ ಪ್ರತಿಸಲ ಬರವಣಿಗೆ ಅರ್ಧಕ್ಕೆ ನಿಲ್ಲಿಸುವ ಮಗುವಿಗೆ ಇದು ಒಳ್ಳೆಯದೇ, ಆದರೆ ಮಾಕ್‌ನಲ್ಲಿ ಎರಡು ಸಲವಾದರೂ ಹಾಗೆ ಬರೆದು ನೋಡಿರಬೇಕು. ಯಾವ ಕ್ರಮದಲ್ಲಿ ಬರೆದರೂ ಕೊನೆಯ 5 ನಿಮಿಷ ಪೆನ್ನು ಎತ್ತಿ, ಐದನೇ ಪ್ರಶ್ನೆಯ ಉತ್ತರವನ್ನು ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದೇ ವಾಕ್ಯವಾಗಿ ಓದಿಕೊಂಡು ಬರಬೇಕು. ಮುಂದಿನಿಂದ ಓದಿದರೆ ಮನಸ್ಸು ಅರ್ಥದ ಹಿಂದೆ ಓಡುತ್ತದೆ, ಕಣ್ಣು ತಪ್ಪನ್ನು ದಾಟಿಹೋಗುತ್ತದೆ. ಹಿಂದಿನಿಂದ ಬಂದರೆ ಪ್ರತಿ ವಾಕ್ಯವೂ ಒಂಟಿಯಾಗಿ ಎದುರು ನಿಲ್ಲುತ್ತದೆ, ಅಂಟಿಕೊಂಡ ಅಲ್ಪವಿರಾಮ ಅಲ್ಲೇ ಸಿಕ್ಕಿಬೀಳುತ್ತದೆ.